ಸೋದರಮಾವ ಮುಯ್ಯಿ ಹಾಕಿದ ವೈರಿಂಗು

ಬಟವಾಡಿಯಲ್ಲಿ ನನ್ನ ಹಿಟ್ಟಿನ ಗಿರಣಿ ಶುರುವಾಯಿತೆಂದರೆ ಗುಬ್ಬಿಯ ಜನ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು. ನಂಬದವರು ಹೋಗಿ ಕೇಳಬಹುದು. ಅಲ್ಲಿಯವರು ಇಲ್ಲ ಅಂದರೆ ಅವರಿಗೆ ಮರೆವು ಬಂದಿದೆ ಅಂತಲೇ ಅರ್ಥ. ಮೋಟಾರಿನ ಸ್ವಿಚ್ಚು ಒತ್ತಿದೊಡನೆ ಬೀದಿಯ ಬಲ್ಬುಗಳೆಲ್ಲ ತಲೆ ತಗ್ಗಿಸಿ ನನಗೊಂದು ನಮಸ್ಕಾರ ಹಾಕುತ್ತಿದ್ದವು. ಗಿರಣಿ ನಿಂತ ಮೇಲೆಯೇ ಅವು ತಲೆ ಎತ್ತುತ್ತಿದ್ದುದು. ತುಮಕೂರಿನಲ್ಲಿ ಅಂಥ ಮರ್ಯಾದೆ ಇನ್ನೊಬ್ಬನಿಗೆ ಸಿಕ್ಕಿದ್ದಿಲ್ಲ.

ನಮಸ್ಕಾರ ಹಾಕದ ಮನೆ ಬೀದಿಯಲ್ಲಿ ಒಂದೇ ಇತ್ತು, ಅದೂ ನನ್ನ ಪಕ್ಕದಲ್ಲೇ. ಡ್ರೈವರ್ ಚಿಕ್ಕಮಾರಯ್ಯನ ಹೊಸ ಮನೆ. ಅದರ ಕಥೆಯನ್ನೇ ಈಗ ಹೇಳುತ್ತಿರುವುದು.

ಚಿಕ್ಕಮಾರಯ್ಯ ಸಿ.ಎಸ್. ಪುರದವನು, ತುಮಕೂರು–ಕುಣಿಗಲ್ ರೂಟಿನಲ್ಲಿ ಸರ್ಕಾರಿ ಬಸ್ಸು ಓಡಿಸುತ್ತಿದ್ದ. ಅವನು ಬ್ರೇಕು ಹಾಕಿದರೆ ಹಿಂದಿನ ಸೀಟಿನವರು ಟಿಕೆಟಿಲ್ಲದೆ ಮುಂದಿನ ಸ್ಟಾಪು ತಲುಪಿಬಿಡುತ್ತಿದ್ದರು. ರಸ್ತೆಯಲ್ಲಿ ಹುಲಿ, ಮನೆಯಲ್ಲಿ ಹೆಂಡತಿ ಚಿಕ್ಕಮಾರಮ್ಮ ಹಾಕಿದ ಗೇರಿನಲ್ಲೇ ಓಡುವವನು. ತೊಂಬತ್ತೇಳನೇ ಇಸವಿಯಲ್ಲಿ ಮನೆ ಕಟ್ಟಿಸಿದ. ವೈರಿಂಗಿಗೆ ಮೊದಲು ಮಾತಾಡಿದ್ದು ರಹಮತ್ ಉಲ್ಲಾ ಅವರ ಹತ್ತಿರ.

ರಹಮತ್ ಉಲ್ಲಾ ಲೈಸೆನ್ಸ್ ಇದ್ದ ಎಲೆಕ್ಟ್ರಿಕಲ್ ಕಾಂಟ್ರಾಕ್ಟರು. ಸಫಾರಿ ಸೂಟು ಇಸ್ತ್ರಿಯ ಗೆರೆ ಮುರಿಯದ ಹಾಗೆ ಏಣಿ ಹತ್ತುತ್ತಿದ್ದರು. ಅತ್ತರಿನ ವಾಸನೆ ಅವರಿಗಿಂತ ಒಂದು ಬೀದಿ ಮುಂದೆ ಬರುತ್ತಿತ್ತು. ಅಂಗಡಿಯಲ್ಲಿ ಲೈಸೆನ್ಸಿಗೆ ಕಟ್ಟು ಹಾಕಿಸಿ ತೂಗುಹಾಕಿದ್ದರು, ಅದರ ಮುಂದೆ ಅವರ ಮದುವೆ ಫೋಟೋ ಅಂಚೆಚೀಟಿಯ ಹಾಗೆ ಕಾಣುತ್ತಿತ್ತು. ಕೆಲಸ ಮುಗಿದ ಪ್ರತಿ ಮನೆಯ ಮೀಟರ್ ಬೋರ್ಡಿನ ಮೇಲೆ ಕೆಂಪು ಬಣ್ಣದಲ್ಲಿ ತಮ್ಮ ಹೆಸರನ್ನೂ ಲೈಸೆನ್ಸ್ ನಂಬರನ್ನೂ ಸ್ವಂತ ಕೈಯಿಂದ ಬರೆಯುತ್ತಿದ್ದರು. ನನ್ನ ಗಿರಣಿಯಲ್ಲೂ ಬರೆದಿದ್ದಾರೆ, ನನ್ನ ಹೆಸರಿಗಿಂತ ದಪ್ಪ ಅಕ್ಷರದಲ್ಲಿ. ಅದೊಂದು ನನಗೆ ಅವರ ಮೇಲಿದ್ದ ಸಿಟ್ಟು.

ಆದರೆ ಆ ಮನೆಗೆ ರಹಮತ್ ಉಲ್ಲಾ ಬರಲಿಲ್ಲ, ಬಂದದ್ದು ಅಶ್ವಥ್.

ಅಶ್ವಥ್ ಚಿಕ್ಕಮಾರಮ್ಮನ ಒಬ್ಬನೇ ತಮ್ಮ. ಹುಲಿಯೂರುದುರ್ಗದಲ್ಲಿ ಪಂಪ್‌ಸೆಟ್ಟಿನ ಮೋಟಾರು ರಿಪೇರಿ ಮಾಡುತ್ತಿದ್ದ. ಮೋಟಾರಿನ ವಿಷಯದಲ್ಲಿ ಅವನಿಗೆ ಸಮನಿಲ್ಲ, ಅದನ್ನು ನಾನೇ ಒಪ್ಪುತ್ತೇನೆ. ಸತ್ತ ಮೋಟಾರು ಅವನ ಸೈಕಲ್ ಬೆಲ್ಲು ಕೇಳಿದರೆ ಎದ್ದು ಕೂರುತ್ತಿತ್ತು. ಅಕ್ಕನ ಮಗಳು ಆಶಾರಾಣಿಗೆ ಗುಬ್ಬಿಯ ಕಡೆ ಸಂಬಂಧ ಕೂಡಿ, ಹೊಸ ಮನೆಯ ಮುಂದೆಯೇ ಚಪ್ಪರ ಹಾಕಿ ಮದುವೆ ಅಂತ ಮಾತಾದಾಗ, ಅವನು ನೆಂಟರ ನಡುವೆ ಎದ್ದು ನಿಂತು ಘೋಷಣೆ ಮಾಡಿಬಿಟ್ಟ:

"ಎಲ್ರೂ ಪಾತ್ರೆ, ಬೀರು ಅಂತ ಮುಯ್ಯಿ ಹಾಕ್ತಾರೆ. ಈ ಮನೆ ವೈರಿಂಗೇ ನನ್ನ ಮುಯ್ಯಿ. ಮದ್ವೆ ದಿನ ಬೆಳಗೋ ಒಂದೊಂದು ಲೈಟೂ ಸೋದರಮಾವಂದು!"

ಇನ್ನು ಬೇಡ ಅನ್ನುವುದು ಹೇಗೆ? ಪಾತ್ರೆಯಾದರೆ ಅಟ್ಟದ ಮೇಲೆ ಎಸೆಯಬಹುದು. ವೈರಿಂಗನ್ನು ಮುಯ್ಯಿ ಹಾಕಿದವನು ಬಟವಾಡಿಯ ಚರಿತ್ರೆಯಲ್ಲಿ ಅವನೊಬ್ಬನೇ. ಚಿಕ್ಕಮಾರಯ್ಯ ರಹಮತ್ ಉಲ್ಲಾ ಅವರಿಗೆ, "ಬಾಮೈದನ ಮಾತು ಸಾರ್, ಮೀರಕ್ಕಾಗಲ್ಲ" ಅಂದ.

"ನಾಳೆ ಬಾಮೈದ ನಿಮ್ಮ ಬಸ್ಸು ಓಡಿಸ್ತೀನಿ ಅಂದ್ರೆ ಸ್ಟೇರಿಂಗ್ ಕೊಡ್ತೀರಾ, ಮಾರಯ್ಯ?"

"ಅವ್ನಿಗೆ ಲೈಸೆನ್ಸ್ ಇಲ್ವಲ್ಲ ಸಾರ್."

"ಹೌದಾ!" ಅಂದು ರಹಮತ್ ಉಲ್ಲಾ ಸ್ಕೂಟರ್ ಒದ್ದು ಹೊರಟುಹೋದರು. ಚಿಕ್ಕಮಾರಯ್ಯನಿಗೆ ಮಾತು ಅರ್ಥವಾದದ್ದು ಮಾರನೇ ದಿನ, ಬಸ್ಸು ಹೆಬ್ಬೂರು ದಾಟಿದ ಮೇಲೆ.

ಕರೆಂಟ್ ಕನೆಕ್ಷನ್ನಿಗೆ ಲೈಸೆನ್ಸ್ ಇದ್ದವರ ಸಹಿ ಬೇಕಲ್ಲ? ಅದಕ್ಕೂ ಅಶ್ವಥ್ ದಾರಿ ಮಾಡಿದ. ಕುಣಿಗಲ್ ಕಡೆಯ ಯಾರೋ ಪುಣ್ಯಾತ್ಮ, ಮನೆಯ ಬಾಗಿಲು ಯಾವ ದಿಕ್ಕಿಗಿದೆ ಅಂತಲೂ ಕೇಳದೆ, ಟೀ ಹೀರುತ್ತ ಸಹಿ ಮಾಡಿ ಸೀಲು ಒತ್ತಿದ. ಟೀ ಆರುವ ಮೊದಲು ಇಡೀ ಮನೆಯ ವೈರಿಂಗು ಕಾಗದದ ಮೇಲೆ ಪರೀಕ್ಷೆ ಪಾಸಾಯಿತು.

ಗೃಹಪ್ರವೇಶದ ದಿನ ನನ್ನ ಗಿರಣಿ ಶುರುವಾಯಿತು. ಮನೆಯ ಬಲ್ಬುಗಳು ವಾಡಿಕೆಯಂತೆ ನಮಸ್ಕಾರ ಹಾಕಿದವು. ನೆಂಟರ ಮುಂದೆ ಅಶ್ವಥನ ಮುಖವೂ ಬಲ್ಬಿನ ಜೊತೆಗೇ ಕಪ್ಪಿಟ್ಟಿತು. "ನ್ಯೂಟ್ರಲ್ ಸೋತದೆ, ಕರೆಂಟು ವಾಪಸ್ ಹೋಗೋ ವೈರು" ಅಂದವನೇ ಮೀಟರ್ ಬೋರ್ಡಿನಿಂದ ಒಂದು ವೈರು ಎಳೆದು, ಬೋರ್‌ವೆಲ್ಲಿನಿಂದ ಮನೆಗೆ ಬರುವ ಕಬ್ಬಿಣದ ಪೈಪಿಗೆ ಬಚ್ಚಲ ಗೋಡೆಯ ಹತ್ತಿರ ಸುತ್ತಿಬಿಟ್ಟ. ತೋಟಗಳಲ್ಲಿ ಅವನು ಮಾಡುತ್ತಿದ್ದದ್ದೇ ಅದು: ಕಂಬದ ವೈರು ಕೈಕೊಟ್ಟರೆ ಭೂಮಿತಾಯಿಯನ್ನೇ ವೈರು ಮಾಡಿಕೊಳ್ಳುವುದು. ಬಲ್ಬುಗಳು ಹೇಗೆ ಬೆಳಗಿದವು ಅಂತೀರಿ! ಬೀದಿಯ ಕೋಳಿಗಳು ಇನ್ನೊಂದು ಸಲ ಕೂಗಿದವು. ಅಂದಿನಿಂದ ಆ ಮನೆ ನನಗೆ ತಲೆಬಾಗುವುದನ್ನು ಬಿಟ್ಟಿತು.

ಹಾಗೇ ಇದ್ದಿದ್ದರೆ ಏನಾಗುತ್ತಿತ್ತೋ. ಮದುವೆಗೆ ಒಂದು ತಿಂಗಳಿದೆ ಅನ್ನುವಾಗ ಅಂಗಳದಲ್ಲಿ ಪೈಪು ಸೋರಿತು. ಪ್ಲಂಬರ್ ಬಂದು ತುಕ್ಕು ಹಿಡಿದ ಕಬ್ಬಿಣವನ್ನು ಕೊಯ್ದು, ನಡುವೆ ಮೊಳದುದ್ದ ಪ್ಲಾಸ್ಟಿಕ್ ಪೈಪು ಸೇರಿಸಿ ಹೋದ. ಅವನ ಕೆಲಸದಲ್ಲಿ ತಪ್ಪಿಲ್ಲ, ನೀರು ಸೋರಲಿಲ್ಲ. ಆದರೆ ಪ್ಲಾಸ್ಟಿಕ್ಕಿನಲ್ಲಿ ಕರೆಂಟು ಹರಿಯುವುದಿಲ್ಲ. ಬೋರಿನ ಪೈಪಿನಿಂದ ನೆಲಕ್ಕೆ ಇಳಿದುಹೋಗುತ್ತಿದ್ದದ್ದು ಈಗ ದಾರಿ ಕಾಣದೆ ಮನೆಯ ಪೈಪಿನಲ್ಲೇ, ನಲ್ಲಿಯಲ್ಲೇ ಠಿಕಾಣಿ ಹೂಡಿತು.

ಬಲ್ಬುಗಳು ಮತ್ತೆ ನನಗೆ ನಮಸ್ಕಾರ ಹಾಕತೊಡಗಿದವು. ನಾನು ಖುಷಿಯಾದೆ. ಆ ಕಡೆ ಬಚ್ಚಲಿನಲ್ಲಿ ನಲ್ಲಿ ಮುಟ್ಟಿದರೆ ಝುಮ್ ಅನ್ನತೊಡಗಿತು.

ಮೊದಲು ಝುಮ್ ಅಂದದ್ದು ಚಿಕ್ಕಮಾರಯ್ಯನಿಗೆ. ಹೆಂಡತಿ, "ನರದ ತೊಂದ್ರೆ. ಅಷ್ಟು ವರ್ಷ ಗೇರು ಎಳೆದ್ರೆ ಇನ್ನೇನಾಯ್ತದೆ?" ಅಂದಳು. ಅವನು ಕ್ಲಿನಿಕ್ಕಿಗೆ ಹೋಗಿ ಶಕ್ತಿಯ ಮಾತ್ರೆ ಬರೆಸಿಕೊಂಡು ಬಂದು ಭಕ್ತಿಯಿಂದ ನುಂಗಿದ. ಬಚ್ಚಲ ಬಾಗಿಲಲ್ಲಿ ಒಂದು ಜೊತೆ ಹವಾಯಿ ಚಪ್ಪಲಿ ಬಂದು ಕೂತಿತು. ಮಗಳು ಆಶಾರಾಣಿ ಕೇಳಿದ್ದಕ್ಕೆ ಚಿಕ್ಕಮಾರಮ್ಮ, "ಹೊಸ ಟೈಲ್ಸು ಕಣೇ, ಜಾರ್ತದೆ, ಹಾಕ್ಕೋ" ಅಂದಳು. ಕಾರಣ ಏನೆಂದು ಅವಳಿಗೆ ಗೊತ್ತಿರಲಿಲ್ಲ, ತಮ್ಮನ ವೈರಿಂಗಿನಲ್ಲಿ ಏನೋ ಇದೆ ಅನ್ನುವುದು ಮಾತ್ರ ಗೊತ್ತಿತ್ತು. ಬಾಯಿ ಬಿಡಲಿಲ್ಲ.

ಯಾಕೆಂದರೆ ಅಶ್ವಥನ ಮುನಿಸು. ಹಿಂದೊಮ್ಮೆ ಯಾರದೋ ಮದುವೆಯಲ್ಲಿ ಮುಯ್ಯಿ ಕೂಗುವಾಗ ಅವನ ಹೆಸರನ್ನು ಎರಡನೆಯದಾಗಿ ಕೂಗಿದರಂತೆ. ಎಲೆಯ ಮುಂದಿನಿಂದ ಎದ್ದವನು ಆ ಮನೆಯ ಬೀದಿಗೇ ಮತ್ತೆ ಕಾಲಿಡಲಿಲ್ಲ. ಆ ಬೀದಿಯಲ್ಲಿದ್ದ ಅವನ ಗಿರಾಕಿಗಳ ಮೋಟಾರುಗಳೂ ಅನಾಥವಾದವು. ಚಿಕ್ಕಮಾರಮ್ಮನಿಗೆ ತವರು ಅಂತ ಉಳಿದಿದ್ದವನು ಅವನೊಬ್ಬ. ಹೆಣ್ಣನ್ನು ಕೈಹಿಡಿದು ಹಸೆಮಣೆಗೆ ಕರೆತರಬೇಕಾದವನು ಸೋದರಮಾವ. ವೈರಿಂಗು ಸರಿಯಿಲ್ಲ ಅಂದರೆ ಅವನು ಬರುವುದಿಲ್ಲ. ಬರದಿದ್ದರೆ ಮಂಟಪದಲ್ಲಿ ತವರಿನ ಜಾಗ ಖಾಲಿ. ಅದಕ್ಕಿಂತ ಝುಮ್ಮೇ ವಾಸಿ ಅಂತ ಅವಳ ಲೆಕ್ಕಾಚಾರ.

ಆ ಲೆಕ್ಕಾಚಾರ ಕೆಡಿಸಿದ್ದು ಬೀಗಿತ್ತಿ.

ಗಂಡಿನ ತಾಯಿ ಮಹಾಲಕ್ಷ್ಮಮ್ಮ ಗುಬ್ಬಿಯಿಂದ ಹೆಂಗಸರ ಗುಂಪು ಕಟ್ಟಿಕೊಂಡು ಮನೆ ನೋಡಲು ಬಂದರು. ಭಾರಿ ಆಳು, ಅವರು ಹತ್ತಿದ ಆಟೋ ಮುಂದಿನ ಚಕ್ರ ಎತ್ತಿಕೊಂಡೇ ಬಂತು ಅಂತ ನಾನು ಕಣ್ಣಾರೆ ಕಂಡಿದ್ದೇನೆ. ಕಾಲು ತೊಳೆಯಲು ಬರಿಗಾಲಲ್ಲಿ ಬಚ್ಚಲಿಗೆ ಹೋಗಿ ನಲ್ಲಿ ಹಿಡಿದರು. ಇತ್ತ ನನ್ನ ಗಿರಣಿ ಜೋರಾಗಿ ಓಡುತ್ತಿತ್ತು. ಹಿಡಿದ ಕೈ ಬಿಡಲಾಗಲಿಲ್ಲ. ಮೈಯೆಲ್ಲ ಗಡಗಡ ನಡುಗಿ, ತುರುಬು ಬಿಚ್ಚಿ, ಬಾಯಿಂದ "ಹ್ಞೂಂ... ಹ್ಞೂಂ..." ಅನ್ನುವ ಒಂದೇ ಶಬ್ದ.

"ಅಮ್ಮ ಬಂದ್ಲು! ಮೈಮೇಲೆ ಅಮ್ಮ ಬಂದ್ಲು!" ಅಂತ ಜೊತೆಗಿದ್ದವರು ಕೈ ಮುಗಿದರು. ಒಬ್ಬಳು ಕುಂಕುಮಕ್ಕೆ ಓಡಿದಳು, ಒಬ್ಬಳು ಬೇವಿನ ಸೊಪ್ಪು ಅಂದಳು. ಇನ್ನೊಬ್ಬಳು ಹೊತ್ತು ಕಳೆಯದೆ, "ತಾಯಿ, ನಮ್ಮ ಹುಡುಗನ ಟ್ರಾನ್ಸ್‌ಫರ್ ಯಾವಾಗ?" ಅಂತ ಪ್ರಶ್ನೆಯನ್ನೇ ಇಟ್ಟುಬಿಟ್ಟಳು.

ಗದ್ದಲ ಕೇಳಿ ನಾನು ಹಿಟ್ಟಿನ ಮೈಯಲ್ಲೇ ಕಾಂಪೌಂಡ್ ಹಾರಿದೆ. ಅದು ಆಳೆತ್ತರದ ಕಾಂಪೌಂಡು, ನಾನು ಮುಟ್ಟದೆ ಹಾರಿದೆ. ಆಗ ಕಂಡದ್ದು ಇದು: ಎಲ್ಲರೂ ದೇವರ ಕಡೆ ಓಡುತ್ತಿದ್ದರೆ ಚಿಕ್ಕಮಾರಮ್ಮ ಒಬ್ಬಳು ಮೀಟರ್ ಬೋರ್ಡಿನ ಕಡೆ ಓಡುತ್ತಿದ್ದಳು. ಮೈನ್ ಸ್ವಿಚ್ಚು ಕೆಳಕ್ಕೆ ಎಳೆದಳು. ದೇವರು ಆ ಕ್ಷಣವೇ ಮೈಮೇಲಿಂದ ಇಳಿಯಿತು.

ಮಹಾಲಕ್ಷ್ಮಮ್ಮ ಗೋಡೆಗೊರಗಿ ಕೂತು ಏದುಸಿರು ಬಿಟ್ಟರು. ಸುತ್ತ ಕೈಮುಗಿದವರನ್ನು ನೋಡಿ, ಸಿಕ್ಕ ಮರ್ಯಾದೆಯನ್ನು ಬೇಡ ಅನ್ನದೆ, "ಸಂಬಂಧ ಒಳ್ಳೇದು ಅಂತ ಅಮ್ಮ ಹೇಳವಳೆ" ಅಂದರು. ಆರತಿಯಾಯಿತು. ಗುಬ್ಬಿಯ ಬಸ್ಸಿನಲ್ಲಿ ಅವರಿಗೆ ಡ್ರೈವರನೇ ಎದ್ದು ಸೀಟು ಕೊಟ್ಟನಂತೆ.

ಸಂಜೆ ಚಿಕ್ಕಮಾರಮ್ಮ ಬೀಸಲು ರಾಗಿ ಡಬ್ಬ ತಂದಳು. ತೆರೆದರೆ ಅದರಲ್ಲಿದ್ದದ್ದು ನಾನು ಆಗಲೇ ಬೀಸಿಕೊಟ್ಟಿದ್ದ ಹಿಟ್ಟು. ಮಾತಾಡಲು ಬಂದಿದ್ದಾಳೆ ಅಂತ ಗೊತ್ತಾಯಿತು. ನಾನು ಗಿರಣಿ ನಿಲ್ಲಿಸಿದೆ.

"ನರಸಿಂಹಣ್ಣ, ನೀನು ನೋಡ್ದೆ ಅಲ್ವಾ?"

"ಅಕ್ಕಾ, ದೇವರು ಮೈನ್ ಸ್ವಿಚ್ಚಲ್ಲಿರೋದು ನಿನಗೆ ಹೆಂಗೆ ಗೊತ್ತಾಯ್ತು?"

"ತಮಾಷೆ ಬುಡು. ಯಾರಿಗೂ ಹೇಳ್ಬೇಡ. ಮದ್ವೆ ಒಂದು ಕಳೀಲಿ. ಆಮೇಲೆ ಏನಾರ ಮಾಡಿಸ್ತೀನಿ."

"ಮದ್ವೆ ಹಿಂದಿನ ದಿನ ಆಶಾಗೆ ಎಣ್ಣೆ ಅರಿಶಿನ ಹಚ್ಚಿ ನೀರು ಹಾಕೋದು ಎಲ್ಲಿ?"

ಅವಳು ಡಬ್ಬದ ಮುಚ್ಚಳ ತೆಗೆದು ಮತ್ತೆ ಹಾಕಿದಳು.

"ಮದುವಣಗಿತ್ತಿಗೂ ಹವಾಯಿ ಚಪ್ಪಲಿ ಹಾಕಿ ಕೂರಿಸ್ತೀಯಾ? ಹೊರಗೆ ಚಪ್ಪರದ ತುಂಬ ಸೀರಿಯಲ್ ಸೆಟ್ಟು ಉರೀತಿರ್ತವೆ. ಆವತ್ತು ಅವಳ ಮೈಮೇಲೂ ಅಮ್ಮ ಬಂದ್ರೆ, ಮೈನ್ ಸ್ವಿಚ್ಚ್ ಹತ್ರ ಯಾರು ನಿಲ್ತಾರೆ?"

ಹಿಟ್ಟಿನ ಡಬ್ಬ ಅಲ್ಲೇ ಬಿಟ್ಟು ಅವಳು ನೆಟ್ಟಗೆ ರಹಮತ್ ಉಲ್ಲಾ ಅವರ ಅಂಗಡಿಗೆ ಹೋದಳು.

ರಹಮತ್ ಉಲ್ಲಾ ಮಾರನೇ ಬೆಳಗ್ಗೆ ಬಂದರು. ಮೊದಲು ಟೀ ಕುಡಿದರು, ಆಮೇಲೆ ಕರ್ಚೀಫಿನಿಂದ ಟೆಸ್ಟರು ಒರೆಸಿದರು, ಆಮೇಲೆ ನಮ್ಮೆಲ್ಲರ ಮುಖ ನೋಡಿ ಗಂಟಲು ಸರಿಮಾಡಿಕೊಂಡರು. ಹೃದಯದ ಆಪರೇಷನ್ನಿಗೆ ಬಂದ ಡಾಕ್ಟರೂ ಅಷ್ಟು ಜಂಬ ಮಾಡುವುದಿಲ್ಲ. ನಲ್ಲಿಗೆ ಟೆಸ್ಟರು ತಾಗಿಸಿದರೆ ಅದರ ದೀಪ ಹತ್ತಿತು. ಪೈಪಿನ ಜಾಡು ಹಿಡಿದು ಹೋಗಿ ಪ್ಲಾಸ್ಟಿಕ್ ತುಂಡನ್ನೂ, ಗೋಡೆಯ ಹತ್ತಿರ ಸುತ್ತಿದ್ದ ವೈರನ್ನೂ ತೋರಿಸಿದರು.

"ನೋಡಿ ಮಾರಯ್ಯ. ಕರೆಂಟು ನಿಮ್ಮ ಬಸ್ಸಿದ್ದ ಹಾಗೆ. ಹೋದದ್ದು ಡಿಪೋಗೆ ವಾಪಸ್ ಬರಲೇಬೇಕು. ವಾಪಸ್ ಬರೋ ರೋಡನ್ನ ನಿಮ್ಮ ಬಚ್ಚಲೊಳಗೆ ಹಾಕಿದಾರೆ. ಪ್ಲಂಬರ್ ಅದರ ಮುಂದಿನ ಸೇತುವೆ ಕಿತ್ತಿದಾನೆ. ಈಗ ಬಸ್ಸೆಲ್ಲ ಬಚ್ಚಲಲ್ಲೇ ನಿಂತಿದಾವೆ. ಕಂಬದ ಮೇಲೆ ನ್ಯೂಟ್ರಲ್ ಜಾಯಿಂಟ್ ಸುಟ್ಟಿದೆ. ಅದೇನಾದ್ರೂ ಪೂರಾ ಕಿತ್ತುಹೋದ್ರೆ ನಲ್ಲಿ ಝುಮ್ ಅನ್ನಲ್ಲ. ಹಿಡಿದವರನ್ನ ಬಿಡೋದೇ ಇಲ್ಲ. ಇಡೀ ಮನೆಗೆ ಅರ್ಥಿಂಗೂ ಇಲ್ಲ."

ಚಿಕ್ಕಮಾರಯ್ಯ ತನ್ನ ಕೈ ನೋಡಿಕೊಂಡ. "ಹಂಗಾರೆ ನನ್ನ ನರ?"

"ನಿಮ್ಮ ನರ ಚೆನ್ನಾಗಿದೆ. ಮಾತ್ರೆ ಬಿಡಿ."

ಅವನು ಹೆಂಡತಿಯ ಕಡೆ ತಿರುಗಿದ. ಅವಳು ಸೆರಗು ಸರಿಮಾಡಿಕೊಂಡು ರಹಮತ್ ಉಲ್ಲಾ ಅವರಿಗೆ, "ಅಣ್ಣಾ, ಎಲ್ಲ ಸರಿ ಮಾಡಿಕೊಡಿ. ಒಂದೇ ಮಾತು: ಬೋರ್ಡಿನ ಮೇಲೆ ಹೆಸರು ಬರೀಬೇಡಿ. ನನ್ನ ತಮ್ಮ ನೋಡಿದ್ರೆ ಎದ್ದು ಹೋಯ್ತಾನೆ" ಅಂದಳು.

ಅಂಥ ಸಣ್ಣ ಕೋರಿಕೆ. ಬೇರೆ ಯಾರಾದರೂ ಆಗಲಿ ಅಂದುಬಿಡುತ್ತಿದ್ದರು. ರಹಮತ್ ಉಲ್ಲಾ ಟೆಸ್ಟರನ್ನು ಜೇಬಿಗೆ ಹಾಕಿದರು.

"ಹೆಸರಿಲ್ಲದೆ ಕೆಲಸ ಮಾಡಿದವರದ್ದೇ ಅಲ್ವೇನಮ್ಮ ಈಗ ನಾನು ಕೀಳ್ತಿರೋದು? ನಾಳೆ ಏನಾದ್ರೂ ಆದ್ರೆ ಯಾರ ಕುತ್ತಿಗೆ ಹಿಡೀಬೇಕು ಅಂತ ಗೋಡೆ ಮೇಲೆ ಇರಬೇಕು. ಅದಕ್ಕೇ ಲೈಸೆನ್ಸು ಅನ್ನೋದು. ಕದ್ದು ಮಾಡಕ್ಕೆ ನಾನು ಬರಲ್ಲ. ತಮ್ಮನಿಗೆ ಹೇಳಿ ಬನ್ನಿ, ನಾನು ಮಧ್ಯಾಹ್ನವೇ ಸಾಮಾನು ತರ್ತೀನಿ."

ಅರ್ಧ ನ್ಯಾಯ, ಅರ್ಧ ಜಂಬ. ಎರಡನ್ನೂ ಬಿಡಿಸಿ ಬೇರೆ ಮಾಡಲು ದೇವರಿಂದಲೂ ಆಗುತ್ತಿರಲಿಲ್ಲ.

ಚಿಕ್ಕಮಾರಮ್ಮ ಗಂಡನ ಬಸ್ಸಿನಲ್ಲೇ ಕುಣಿಗಲ್ಲಿಗೆ ಹೋಗಿ, ಅಲ್ಲಿಂದ ಹುಲಿಯೂರುದುರ್ಗದ ಬಸ್ಸು ಹತ್ತಿದಳು. ನನ್ನದೊಂದು ಹಳೇ ಮೋಟಾರು ಅಶ್ವಥನ ಹತ್ತಿರ ರಿಪೇರಿಗಿತ್ತು. ಅದೇ ನೆಪವಾಗಿ ನಾನೂ ಹೋದೆ. ನಾನಿಲ್ಲದೆ ಯಾವ ದೊಡ್ಡ ವಿಷಯವೂ ಈ ಜಿಲ್ಲೆಯಲ್ಲಿ ನಡೆದಿಲ್ಲ.

ಅಶ್ವಥ್ ಮೋಟಾರಿನ ಹೊಟ್ಟೆಯೊಳಗೆ ಕೈ ಹಾಕಿ ಕೂತಿದ್ದ. "ಏನಕ್ಕ, ಮದ್ವೆ ಮನೆ ಬಿಟ್ಟು?" ಅಂತ ಎದ್ದು ಸ್ಟೂಲು ಒರೆಸಿದ. ಅವಳು ಕೂರಲಿಲ್ಲ.

"ನಿನ್ನ ಮುಯ್ಯಿ ವಾಪಸ್ ತಗೋಳೋ."

ತಾಮ್ರದ ತಂತಿ ಅವನ ಕೈಯಿಂದ ಜಾರಿತು. ಅವಳು ನಲ್ಲಿಯಿಂದ ಹಿಡಿದು ಬೀಗಿತ್ತಿಯ ತನಕ ಎಲ್ಲ ಹೇಳಿದಳು. ಅವನ ಕಿವಿ ಕೆಂಪಗಾಯಿತು.

"ಪೈಪಿಗೆ ಪ್ಲಾಸ್ಟಿಕ್ ಹಾಕ್ದೋನು ಪ್ಲಂಬರು. ನಾನಾ? ದುರ್ಗದ ಸುತ್ತ ಎಲ್ಲಾ ಬೋರೂ ನಂದೇ ಕೈ. ಒಬ್ನಾದ್ರೂ ಸತ್ತವ್ನಾ?"

"ತೋಟದಲ್ಲಿ ಬೋರಿನ ಪೈಪ್ ಹಿಡ್ಕೊಂಡು ಯಾರೂ ನೀರು ಹುಯ್ಕೊಳಲ್ಲ ಕಣೋ. ಮನೇಲಿ ಹುಯ್ಕೋತಾರೆ."

"ಊರೆಲ್ಲ ಕೇಳೋ ಹಂಗೆ ಹೇಳಿವ್ನಿ, ವೈರಿಂಗ್ ನಂದು ಅಂತ. ಈಗ ಸಾಬ್ರು ಬಂದು ಕಿತ್ತಾಕಿ, ಅವರ ಹೆಸರು ಬರೆದು... ನಾನು ಅದರ ಕೆಳಗೆ ನಿಂತ್ಕೊಂಡು ಹಲ್ಲು ಕಿರೀಲಾ? ನೋಡಕ್ಕ. ಅವರ ಹೆಸರು ಇರೋ ಮನೇಗೆ ನಾನು ಬರಲ್ಲ."

ನಾನು ನನ್ನ ಮೋಟಾರನ್ನೇ ನೋಡುತ್ತ ನಿಂತೆ. ಇಷ್ಟು ದಿನ ಅವಳು ಹೆದರಿದ್ದು ಇದೇ ಮಾತಿಗೆ. ಈಗ ಅತ್ತುಬಿಡುತ್ತಾಳೆ ಅಂದುಕೊಂಡೆ. ಅವಳು ಅಳಲಿಲ್ಲ.

"ಬರಲ್ಲ ಅಂದ್ರೆ ಬುಡು. ಮಂಟಪಕ್ಕೆ ಅವಳ ಕೈ ಹಿಡ್ಕೊಂಡು ಬರೋನು ನೀನೇ, ಸರಿ. ಅದಕ್ಕೆ ಮೊದಲು ಅವಳು ಇರಬೇಕಲ್ವೇನೋ?"

ಅಷ್ಟು ಹೇಳಿ ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಅಶ್ವಥ್ ಮತ್ತೆ ಮೋಟಾರಿನ ಮುಂದೆ ಕೂತ. ತಂತಿಯನ್ನು ತಿರುವುಮುರುವು ಸುತ್ತಿದ. ಅವನ ಕೈ ತಪ್ಪಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ರಹಮತ್ ಉಲ್ಲಾ ಮನೆಯ ವೈರಿಂಗು ಬಿಚ್ಚಿ ಹೊಸದಾಗಿ ಎಳೆದರು. ಹಿತ್ತಲಲ್ಲಿ ಗುಂಡಿ ತೆಗೆಸಿ, ಪೈಪು ನೆಟ್ಟು, ಇದ್ದಿಲು ಉಪ್ಪು ಸುರಿಸಿ ಅರ್ಥಿಂಗು ಮಾಡಿಸಿದರು. ಕರೆಂಟ್ ಆಫೀಸಿಗೆ ದೂರು ಬರೆದುಕೊಟ್ಟು, ಲೈನ್‌ಮನ್ ಕರೆತಂದು ಕಂಬದ ಜಾಯಿಂಟು ಸರಿಮಾಡಿಸಿದರು. ಕೊನೆಗೆ ಉಸಿರು ಬಿಗಿಹಿಡಿದು ಕೆಂಪು ಬಣ್ಣದಲ್ಲಿ ಹೆಸರು ಬರೆದರು. ಆ ಅಕ್ಷರಗಳು ಎಷ್ಟು ದಪ್ಪವೆಂದರೆ ಹೆದ್ದಾರಿಯ ಲಾರಿಯವರು ನಿಲ್ಲಿಸಿ ಓದಿಕೊಂಡು ಹೋಗುತ್ತಿದ್ದರು.

ಅರಿಶಿನದ ದಿನ ಹೊರಗೆ ಸೀರಿಯಲ್ ಸೆಟ್ಟೆಲ್ಲ ಉರಿಯುತ್ತಿರುವಾಗ, ಮಗಳನ್ನು ಕೂರಿಸುವ ಮೊದಲು ಚಿಕ್ಕಮಾರಮ್ಮ ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತು ನಲ್ಲಿಯನ್ನು ಎರಡೂ ಕೈಯಲ್ಲಿ ಹಿಡಿದಳಂತೆ. ಹೆಂಗಸರು ಇನ್ನೊಂದು ದೇವರು ಬರುವುದೇನೋ ಅಂತ ಕಾದರಂತೆ. ಏನೂ ಬರಲಿಲ್ಲ. ಮಹಾಲಕ್ಷ್ಮಮ್ಮ ಮಾತ್ರ ಸಂಜೆ ಬಂದವರು ಅದೇ ನಲ್ಲಿ ಹಿಡಿದು ನೋಡಿ, "ಅಮ್ಮನಿಗೆ ಇವತ್ತು ಪುರಸೊತ್ತಿಲ್ಲ" ಅಂತ ಸ್ವಲ್ಪ ಬೇಜಾರು ಮಾಡಿಕೊಂಡರು.

ಮುಹೂರ್ತದ ಬೆಳಗ್ಗೆ ಎಲ್ಲರೂ ಬಂದಿದ್ದರು. ಅಶ್ವಥ್ ಬಂದಿರಲಿಲ್ಲ. ಗಂಡು ಹಸೆಮಣೆಯ ಮೇಲೆ ಕೂತ. ಪುರೋಹಿತರು "ಸೋದರಮಾವ ಎಲ್ಲಿ? ಹೆಣ್ಣನ್ನ ಕರ್ಕೊಂಡು ಬನ್ನಿ" ಅಂದರು. ಗುಬ್ಬಿಯವರು ಒಬ್ಬರ ಮುಖ ಒಬ್ಬರು ನೋಡಿದರು. ಪುರೋಹಿತರು ಇನ್ನೊಂದು ಸಲ ಕೂಗಿದರು. ಚಿಕ್ಕಮಾರಮ್ಮ ಬಾಗಿಲ ಕಡೆ ನೋಡಲಿಲ್ಲ; ಮಗಳ ತಲೆಯ ಹೂವನ್ನೇ ಸರಿಮಾಡುತ್ತಿದ್ದಳು, ಸರಿಯಾಗಿದ್ದ ಹೂವನ್ನು. ಆಮೇಲೆ, "ನಡಿಯೇ, ನಾನೇ ಕರ್ಕೊಂಡು ಬರ್ತೀನಿ" ಅಂತ ಮಗಳ ಕೈ ಹಿಡಿದಳು.

"ನಿಂತ್ಕೊಳಕ್ಕ."

ಅಶ್ವಥ್ ಮೀಟರ್ ಬೋರ್ಡಿನ ಕೆಳಗೆ ನಿಂತಿದ್ದ. ಯಾವಾಗ ಬಂದನೋ. ಕೆಂಪು ಅಕ್ಷರಗಳನ್ನು ಒಂದೊಂದಾಗಿ ಓದಿ ಮುಗಿಸಿದ. ಆ ಕಡೆ ಮೊದಲ ಸಾಲಿನ ಕುರ್ಚಿಯಲ್ಲಿದ್ದ ರಹಮತ್ ಉಲ್ಲಾ ಅವರನ್ನೂ ಒಂದು ಸಲ ಓದಿದ. ಕಂಕುಳಲ್ಲಿ ಪೇಪರಿನಲ್ಲಿ ಸುತ್ತಿದ ಗಂಟಿತ್ತು, ಬಿಚ್ಚಿದ. ಸೊಂಟದೆತ್ತರದ ಹಿತ್ತಾಳೆ ದೀಪದ ಕಂಬ.

"ಮುಯ್ಯಿ" ಅಂದ, ಇಡೀ ಚಪ್ಪರಕ್ಕೆ ಕೇಳುವ ಹಾಗೆ. "ಇದಕ್ಕೆ ಲೈಸೆನ್ಸು ಬೇಕಿಲ್ಲ ತಾನೇ?"

ರಹಮತ್ ಉಲ್ಲಾ ಸಫಾರಿಯ ಕಾಲರು ಸರಿಮಾಡಿಕೊಂಡರು.

"ಬೇಕಿಲ್ಲ ಕಣೋ" ಅಂದಳು ಚಿಕ್ಕಮಾರಮ್ಮ. "ಆದ್ರೆ ಆ ಮೂಲೇಗಿಡು. ಇಲ್ಲಿ ಹುಡುಗೀರ ಸೆರಗು ತಾಗ್ತದೆ."

ಅವನು ದೀಪವನ್ನು ಎತ್ತಿ ಅವಳು ತೋರಿಸಿದ ಮೂಲೆಗೆ ಇಟ್ಟ. ಸಾಕಾಗಲಿಲ್ಲ ಅಂತ ಅವಳು ಕಣ್ಣಲ್ಲೇ ಹೇಳಿದಳು, ಇನ್ನೂ ಒಂದು ಗೇಣು ಹಿಂದಕ್ಕೆ ಸರಿಸಿದ. ಆಮೇಲೆ ಕೈಯನ್ನು ಪಂಚೆಗೆ ಒರೆಸಿಕೊಂಡು ಬಂದು ಆಶಾರಾಣಿಯ ಕೈ ಹಿಡಿದ.